ಲಿನಕ್ಸ್ ಸಾಫ್ಟ್‌ವೇರ್ ನಾವೇ ಕಂಪೈಲ್ ಮಾಡಿದರೆ ವೇಗ ಜಾಸ್ತಿ ಆಗುತ್ತಾ?

ಟೀಮಿಗೆ ಹೊಸದಾಗಿ ಸೇರಿದವರು ಆಗಾಗ ಕೇಳುವ ಪ್ರಶ್ನೆ ಇದು: "ಸರ್, ಸೋರ್ಸ್‌ನಿಂದ ಕಂಪೈಲ್ ಮಾಡಿದ್ರೆ ಫಾಸ್ಟ್ ಆಗುತ್ತಂತೆ, ಎಲ್ಲಾನೂ ಹಾಗೇ ಹಾಕೋಣ್ವಾ?" ಬೇಡ. ಕಂಪೈಲ್ ಅಂದರೆ ಬರೆದ ಕೋಡನ್ನು (ಸೋರ್ಸ್) ಯಂತ್ರ ಓಡಿಸಬಲ್ಲ ಪ್ರೋಗ್ರಾಮ್ ಆಗಿ ಕಟ್ಟುವುದು. ಎಲ್ಲೋ ಕೆಲವು ಕಡೆ ನಿಜವಾಗಿಯೂ ಲಾಭ ಇದೆ, ಉಳಿದ ಕಡೆ ಸುಮ್ನೆ ಕರೆಂಟು ಖರ್ಚು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಹಳೆ ಲ್ಯಾಪ್‌ಟಾಪಿಗೆ ಜೆಂಟೂ (ಸೋರ್ಸ್‌ನಿಂದಲೇ ಕಟ್ಟಿಕೊಳ್ಳುವ ಲಿನಕ್ಸ್) ಹಾಕಿ, ರಾತ್ರಿಯಿಡೀ ಫ್ಯಾನ್ ಓಡಿಸಿ ಫೈರ್‌ಫಾಕ್ಸ್ ಕಟ್ಟಿದವರಿಗೆ ಇದು ಗೊತ್ತಿರುತ್ತದೆ. ಮೊಝಿಲ್ಲಾದವರು ಕೊಡುವ ಬಿಲ್ಡ್‌ನಲ್ಲಿ ಪಿಜಿಒ (ಪ್ರೋಗ್ರಾಮನ್ನು ಒಮ್ಮೆ ಓಡಿಸಿ ನೋಡಿ ಅದರಂತೆ ಮತ್ತೆ ಕಟ್ಟುವುದು), ಎಲ್‌ಟಿಒ (ಎಲ್ಲಾ ಫೈಲುಗಳನ್ನು ಒಟ್ಟಿಗೆ ನೋಡಿ ಕೋಡ್ ಚುರುಕು ಮಾಡುವುದು) ಎರಡೂ ಮೊದಲೇ ಇರುತ್ತವೆ. ಅವಿಲ್ಲದೆ ನಾವು ಕಟ್ಟಿದ್ದು ಅದಕ್ಕಿಂತ ನಿಧಾನ ಆದರೂ ಆಶ್ಚರ್ಯವಿಲ್ಲ.

ಪೈಥಾನ್ ಕತೆಯೂ ಅದೇ. ಕಾನ್ಫಿಗರ್ ಮಾಡುವಾಗ 'ಎನೇಬಲ್ ಆಪ್ಟಿಮೈಸೇಷನ್ಸ್' ಅಂತ ಕೊಡದಿದ್ದರೆ ಪಿಜಿಒ ಆಗುವುದೇ ಇಲ್ಲ. ಡೆಬಿಯನ್ ಲಿನಕ್ಸ್‌ನವರು ಕಟ್ಟಿ ಕೊಡುವ ಪ್ಯಾಕೇಜಿನಲ್ಲಿ ಅದು ಆಗಿಯೇ ಬಂದಿರುತ್ತದೆ.

ಹಾಗಾದರೆ ಲಾಭ ಬರುವುದು ಎಲ್ಲಿಂದ? ಡೆಬಿಯನ್ ತನ್ನ ಪ್ಯಾಕೇಜುಗಳನ್ನು ಯಾವುದೇ 64 ಬಿಟ್ ಇಂಟೆಲ್, ಎಎಂಡಿ ಯಂತ್ರದಲ್ಲಿ ಓಡುವಂತೆ ಕಟ್ಟಬೇಕು, ಅಂದರೆ 2003ರ ಆಪ್ಟೆರಾನ್ ಚಿಪ್ಪಿಗೂ ಅರ್ಥವಾಗುವ ಸೂಚನೆಗಳನ್ನಷ್ಟೇ ಬಳಸಬೇಕು. ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ (ಎಸ್‌ಐಎಂಡಿ) ಸೂಚನೆಗಳ ಪೈಕಿ ಅದರಲ್ಲಿ ಇರುವುದು ಎಸ್‌ಎಸ್‌ಇ2 ತನಕ. ಅದಕ್ಕಿಂತ ಹೊಸ ಎವಿಎಕ್ಸ್2, ಎಫ್‌ಎಂಎ ಇವೆಲ್ಲ ಇಂಟೆಲ್‌ನಲ್ಲಿ ಬಂದದ್ದು 2013ರ ಹ್ಯಾಸ್ವೆಲ್‌ನಲ್ಲಿ. ಎರಡು ದೊಡ್ಡ ಅರೇಗಳ (ಸಂಖ್ಯೆಗಳ ಸಾಲುಗಳ) 32 ಬಿಟ್ ಫ್ಲೋಟ್‌ಗಳನ್ನು (ದಶಮಾಂಶ ಸಂಖ್ಯೆಗಳನ್ನು) ಗುಣಿಸುವ ಲೂಪ್ ಒಂದಿದೆ ಅಂದುಕೊಳ್ಳಿ: ಎಸ್‌ಎಸ್‌ಇ2ನಲ್ಲಿ ಒಂದು ಸೂಚನೆಗೆ 4 ಸಂಖ್ಯೆ, ಎವಿಎಕ್ಸ್2ನಲ್ಲಿ 8. ಡೇಟಾ ಕ್ಯಾಶ್‌ನಲ್ಲೇ (ಸಿಪಿಯು ಒಳಗಿನ ಚಿಕ್ಕ, ವೇಗದ ಮೆಮೊರಿ) ಇದ್ದರೆ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ, ರ‍್ಯಾಮ್‌ನಿಂದ ಎಳೆಯಬೇಕಾದರೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಆದರೆ ಅದೇ ಅರೇಯ ಮೊತ್ತ ಹಾಕುವ ಲೂಪ್ ಬರೆದರೆ ಜಿಸಿಸಿ ಕಂಪೈಲರ್ ಅದನ್ನು ಹೀಗೆ ನಾಲ್ಕು, ಎಂಟರ ಗುಂಪಾಗಿ ಒಡೆಯುವುದಿಲ್ಲ, ವೇಗಕ್ಕೆಂದು ಕೊಡುವ ಓ3 ಫ್ಲಾಗ್ (ಕಂಪೈಲರ್‌ಗೆ ಕೊಡುವ ಆಯ್ಕೆ) ಕೊಟ್ಟರೂ ಅಷ್ಟೇ. ಫ್ಲೋಟ್‌ಗಳನ್ನು ಕೂಡುವ ಕ್ರಮ ಬದಲಾದರೆ ಉತ್ತರವೂ ಚೂರು ಬದಲಾಗುತ್ತದೆ, ಅದಕ್ಕೆ ಕಂಪೈಲರ್ ನಿಮ್ಮ ಒಪ್ಪಿಗೆ ಇಲ್ಲದೆ ಕೈ ಹಾಕುವುದಿಲ್ಲ. ಒಪ್ಪಿಗೆ ಅಂದರೆ 'ಫಾಸ್ಟ್ ಮ್ಯಾಥ್' ಫ್ಲಾಗ್. ಲೆಕ್ಕ ಮುಖ್ಯವಾದ ಕಡೆ ಅದನ್ನು ಯಾರೋ ಹೇಳಿದರು ಅಂತ ಹಾಕಬೇಡಿ.

ಇನ್ನೊಂದು ವಿಷಯ. ವೇಗ ನಿಜಕ್ಕೂ ಬೇಕಾದ ಲೈಬ್ರರಿಗಳು ಈ ಕೆಲಸವನ್ನು ಎಂದೋ ಮಾಡಿಕೊಂಡಿವೆ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಡೇಟಾ ನಕಲು ಮಾಡುವ ಮೆಮ್‌ಕಾಪಿ, ಎನ್‌ಕ್ರಿಪ್ಷನ್‌ನ ಓಪನ್‌ಎಸ್‌ಎಸ್‌ಎಲ್, ವಿಡಿಯೊದ ಎಫ್‌ಎಫ್‌ಎಂಪೆಗ್, ಇವೆಲ್ಲ ಓಡುವಾಗಲೇ ಸಿಪಿಯು ಯಾವುದು ಅಂತ ನೋಡಿ ಅದಕ್ಕೆ ತಕ್ಕ ಕೋಡ್ ಆರಿಸಿಕೊಳ್ಳುತ್ತವೆ. ಎಫ್‌ಎಫ್‌ಎಂಪೆಗ್‌ನಲ್ಲಿ ಹೆಚ್ಚು ಸಮಯ ತಿನ್ನುವ ಭಾಗಗಳಂತೂ ಕೈಯಲ್ಲೇ ಬರೆದ ಅಸೆಂಬ್ಲಿ (ನೇರವಾಗಿ ಸಿಪಿಯು ಸೂಚನೆಗಳಲ್ಲಿ ಬರೆದ ಕೋಡ್), ಅಲ್ಲಿ ಕಂಪೈಲರ್ ಫ್ಲಾಗಿಗೆ ಏನು ಕೆಲಸ? ಡಿಸ್ಕಿಗೋ ನೆಟ್‌ವರ್ಕಿಗೋ ಕಾಯುತ್ತಾ ಕೂತ ಸರ್ವರ್ ಆದರಂತೂ ಮಾತೇ ಬೇಡ.

ನಾನು ಕಂಪೈಲ್ ಮಾಡಿಯೇ ಹಾಕುವುದು ಸಿಮ್ಯುಲೇಷನ್ ತಂತ್ರಾಂಶಗಳನ್ನು. ಅಣುಗಳ ಚಲನೆ ಲೆಕ್ಕ ಹಾಕುವ ಗ್ರೊಮ್ಯಾಕ್ಸ್ ಯಾವ ಎಸ್‌ಐಎಂಡಿ ಮಟ್ಟಕ್ಕೆ ಕಟ್ಟಬೇಕು ಅನ್ನುವುದನ್ನು ಕಟ್ಟುವಾಗಲೇ ತೀರ್ಮಾನಿಸುತ್ತದೆ, ಆಮೇಲೆ ಬೇರೆ ಥರದ ಸಿಪಿಯು ಸಿಕ್ಕಿದರೆ ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ. ಐಐಎಸ್‌ಸಿಯ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದಂಥ ಕ್ಲಸ್ಟರ್‌ಗಳಲ್ಲಿ ದಿನಗಟ್ಟಲೆ ಓಡುವ ಜಾಬ್ ಇದ್ದಾಗ ನೂರಕ್ಕೆ ಹತ್ತು ಉಳಿದರೂ ದೊಡ್ಡದು ಅಲ್ವಾ.

ಮೊದಲು 'ಪರ್ಫ್ ಟಾಪ್' ಓಡಿಸಿ ಸಮಯ ಎಲ್ಲಿ ಹೋಗುತ್ತಿದೆ ನೋಡಿ. ನಿಮ್ಮದೇ ಪ್ರೋಗ್ರಾಮಿನ ಒಂದೆರಡು ಫಂಕ್ಷನ್ ಮೇಲೆ ನಿಂತಿದ್ದರೆ ಆ ಪ್ರೋಗ್ರಾಮನ್ನು ಮಾತ್ರ ಕಟ್ಟಿ. ಹಾಗೆ ಕಟ್ಟಿದ್ದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಆಪ್ಟ್‌ನಿಂದ (ಡೆಬಿಯನ್‌ನ ಪ್ಯಾಕೇಜ್ ಹಾಕುವ ಸಾಧನ) ಬರುವುದಿಲ್ಲ, ಅದು ನಿಮ್ಮ ತಲೆನೋವು.

'ನೇಟಿವ್' ಫ್ಲಾಗ್ (ಕಟ್ಟುವ ಯಂತ್ರದ ಸಿಪಿಯುಗೇ ಹೊಂದಿಸು ಅನ್ನುವ ಆಯ್ಕೆ) ಹಾಕಿ ಕಟ್ಟಿದ್ದನ್ನು ಬೇರೆ ಯಂತ್ರಕ್ಕೆ ಒಯ್ಯುವುದೂ ಬೇಡ. ಹಳೆ ಸಿಪಿಯು ಇದ್ದರೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂದು ಅಲ್ಲೇ ಸಾಯುತ್ತದೆ. ನಾಲ್ಕಾರು ಥರದ ಸರ್ವರ್ ಇರುವ ಕಡೆ ಎಕ್ಸ್86-64-ವಿ3 (ಎವಿಎಕ್ಸ್2, ಎಫ್‌ಎಂಎ ಇರುವ ಸಿಪಿಯುಗಳ ಮಟ್ಟ) ಅಂತ ಕೊಟ್ಟು ಕಟ್ಟಿ, ರೆಡ್ ಹ್ಯಾಟ್ ಲಿನಕ್ಸ್ 10 ಹಿಡಿದಿರುವ ಮಟ್ಟವೂ ಅದೇ. ನಿಮ್ಮ ಯಂತ್ರ ಅದಕ್ಕೆ ಆಗುತ್ತದಾ ಅಂತ ನೋಡಲು, ಜಿಲಿಬ್‌ಸಿ 2.33 ಅಥವಾ ಹೊಸದಿದ್ದರೆ, ಡೈನಮಿಕ್ ಲೋಡರನ್ನೇ (ಪ್ರೋಗ್ರಾಮ್ ಶುರುವಾಗುವಾಗ ಅದಕ್ಕೆ ಲೈಬ್ರರಿಗಳನ್ನು ಜೋಡಿಸುವ ಪ್ರೋಗ್ರಾಮ್) ಹೆಲ್ಪ್ ಆಪ್ಷನ್ ಕೊಟ್ಟು ಓಡಿಸಿ. ಕೊನೆಯಲ್ಲಿ ವಿ2, ವಿ3, ವಿ4 ಪಟ್ಟಿ ಬರುತ್ತದೆ, ಯಾವುದರ ಮುಂದೆ 'ಸಪೋರ್ಟೆಡ್' ಅಂತ ಇದೆಯೋ ಅಲ್ಲಿಯ ತನಕ ಹೋಗಬಹುದು.