ಓಬವ್ವನ ಒನಕೆ ಕೆಳಗಿಳಿಯಬೇಕಾದರೆ: ಕಾಗದದ ಚಿತ್ರ ಅನಿಮೇಶನ್ ಆಗುವ ಬಗೆ

ಚಿತ್ರದುರ್ಗದ ಮಕ್ಕಳಿಗೆ ಒನಕೆ ಓಬವ್ವನ ಚಿತ್ರ ಬಿಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಚ್ಚೆ ಹಾಕಿ ಸೀರೆ ಉಟ್ಟ ಹೆಂಗಸು, ತಲೆಯ ಮೇಲಕ್ಕೆತ್ತಿದ ಒನಕೆ, ಎದುರಿಗೆ ಬಂಡೆಗಳ ನಡುವಿನ ಕಿಂಡಿ, ಅದರೊಳಗಿಂದ ಅರ್ಧ ಮೈ ಹೊರಹಾಕಿದ ಹೈದರಾಲಿಯ ಸಿಪಾಯಿ: ನವೆಂಬರ್ 11ರ ಓಬವ್ವ ಜಯಂತಿಯ ಹೊತ್ತಿಗೆ ಡ್ರಾಯಿಂಗ್ ಮೇಷ್ಟ್ರ ಮೇಜಿನ ಮೇಲೆ ಇಂಥ ಹಾಳೆಗಳ ಕಟ್ಟೇ ಬಂದು ಬೀಳುತ್ತದೆ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ಎತ್ತಿದ ಒನಕೆ ನಿಜಕ್ಕೂ ಕೆಳಗಿಳಿಯುವಂತೆ ಮಾಡಬೇಕೆಂದು ಹೊರಟವರಿಗೆ ಮೊದಲು ಅನ್ನಿಸುವುದು, ಚಿತ್ರವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತೆಂದು. ವಾಸ್ತವದಲ್ಲಿ ಕಾಗದದ ಮೇಲೆ ಇರುವುದನ್ನು ಒಳಗೆ ತರುವ ಕೆಲಸ ಚಿಕ್ಕದು, ಕಾಗದದ ಮೇಲೆ ಇಲ್ಲದ್ದನ್ನು ಒದಗಿಸುವ ಕೆಲಸ ದೊಡ್ಡದು. ಈ ತಂತ್ರದ ಮುಕ್ಕಾಲು ಪಾಲು ವಿಜ್ಞಾನ ಆ ಎರಡನೆಯದರಲ್ಲೇ ಇದೆ.

ಸ್ಕ್ಯಾನರಿಗೆ ಗೆರೆ ಎಂಬುದೇ ತಿಳಿಯದು. ಅದು ಹಾಳೆಯ ಮೇಲೆ ಬೆಳಕು ಹಾಯಿಸಿ, ಮರಳಿ ಬಂದ ಬೆಳಕನ್ನು ಚುಕ್ಕಿ ಚುಕ್ಕಿಯಾಗಿ ಅಳೆದು, ಪ್ರತಿ ಚುಕ್ಕಿಗೂ ಒಂದು ಸಂಖ್ಯೆ ಕೊಡುತ್ತದೆ. ಕಪ್ಪಿಗೆ 0, ಬಿಳುಪಿಗೆ 255, ನಡುವೆ ಬೂದು ಬಣ್ಣದ ಮಟ್ಟಗಳು. ಎ4 ಹಾಳೆಯೊಂದನ್ನು ಇಂಚಿಗೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಪಿಕ್ಸೆಲ್‌ಗಳಾಗುತ್ತವೆ. ಫುಲ್ ಎಚ್‌ಡಿ ಪರದೆಗೆ ಬೇಕಾಗುವುದು ಸುಮಾರು 21 ಲಕ್ಷ ಮಾತ್ರ. ಹಾಗಿದ್ದೂ ಹೆಚ್ಚಿನ ದರದಲ್ಲಿ ಸ್ಕ್ಯಾನ್ ಮಾಡುವುದಕ್ಕೆ ಕಾರಣವಿದೆ: ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ 300ರ ದರದಲ್ಲಿ ಸುಮಾರು ಆರು ಪಿಕ್ಸೆಲ್ ಅಗಲಕ್ಕೆ ಬರುತ್ತದೆ, 100ರ ದರದಲ್ಲಿ ಎರಡೇ ಪಿಕ್ಸೆಲ್‌ಗೆ ಕುಗ್ಗುತ್ತದೆ. ಎರಡು ಪಿಕ್ಸೆಲ್ ಅಗಲದ ಗೆರೆಯಲ್ಲಿ ಎಲ್ಲಿ ಕೈ ಒತ್ತಿದೆ, ಎಲ್ಲಿ ಹಗುರಾಗಿದೆ ಎಂಬುದು ಉಳಿಯುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸುವವರು ಫೈಲನ್ನು ಜೆಪೆಗ್ ರೂಪದಲ್ಲಿ ತರದೆ ಪಿಎನ್‌ಜಿ ಅಥವಾ ಟಿಫ್ ರೂಪದಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ಜೆಪೆಗ್ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಹಂಚಿ ಕುಗ್ಗಿಸುವುದರಿಂದ ಗೆರೆಯ ಅಂಚಿನ ಸುತ್ತ ಧೂಳು ಕೂತಂಥ ಕಲೆಗಳು ಹುಟ್ಟುತ್ತವೆ, ಮುಂದಿನ ಪ್ರತಿಯೊಂದು ಹಂತದಲ್ಲೂ ಅವು ಕಾಡುತ್ತವೆ.

ಇನ್ನು ಗೆರೆ ಯಾವುದು, ಕಾಗದ ಯಾವುದು ಎಂದು ತೀರ್ಮಾನಿಸಬೇಕು. ಒಂದು ಗಡಿಸಂಖ್ಯೆ ಇಟ್ಟುಕೊಂಡು, ಅದಕ್ಕಿಂತ ಕಡಿಮೆಯಿದ್ದರೆ ಗೆರೆ, ಹೆಚ್ಚಿದ್ದರೆ ಕಾಗದ ಎನ್ನುವುದು ಸರಳ ದಾರಿ, ಆದರೆ ಗಡಿ ಎಲ್ಲಿರಬೇಕು? ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಸಾಧ್ಯವಿರುವ ಪ್ರತಿಯೊಂದು ಗಡಿಯನ್ನೂ ಪರೀಕ್ಷಿಸಿ, ಚುಕ್ಕಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದಾಗ ಯಾವ ಗಡಿಯಲ್ಲಿ ಗುಂಪಿನೊಳಗಿನ ಏರುಪೇರು ಅತಿ ಕಡಿಮೆಯಾಗುತ್ತದೆಯೋ ಅದನ್ನೇ ಆ ವಿಧಾನ ಆರಿಸಿಕೊಳ್ಳುತ್ತದೆ. ಸ್ಕ್ಯಾನರಿನ ಸಮನಾದ ಬೆಳಕಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಹಾಳೆಯ ಒಂದು ಮೂಲೆಗೆ ಕೈಯ ನೆರಳು ಬಿದ್ದಿದ್ದರೆ, ಅಲ್ಲಿನ ಕಾಗದವೇ ಇನ್ನೊಂದು ಮೂಲೆಯ ಗೆರೆಗಿಂತ ಕಪ್ಪಾಗಿರುವುದುಂಟು. ಆಗ ಇಡೀ ಹಾಳೆಗೆ ಒಂದೇ ಗಡಿ ಸಾಲದು, ಪ್ರತಿ ಚುಕ್ಕಿಯನ್ನೂ ಅದರ ನೆರೆಹೊರೆಯ ಸರಾಸರಿಯೊಂದಿಗೆ ಹೋಲಿಸಿ ನೋಡುವ ಸ್ಥಳೀಯ ಗಡಿ ಬೇಕಾಗುತ್ತದೆ.

ಮಕ್ಕಳು ಚಿತ್ರ ಬಿಡಿಸುವುದು ಸಾಮಾನ್ಯವಾಗಿ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ. ಆ ತಿಳಿನೀಲಿ ಗೆರೆಗಳನ್ನು ತೆಗೆಯಲು ಒಂದು ಹಳೆಯ ಉಪಾಯವಿದೆ. ಬಣ್ಣದ ಸ್ಕ್ಯಾನ್‌ನಲ್ಲಿ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳಿರುತ್ತವೆ. ತಿಳಿನೀಲಿ ಗೆರೆ ನೀಲಿ ಬೆಳಕನ್ನು ಬಿಳಿ ಕಾಗದದಷ್ಟೇ ಮರಳಿಸುವುದರಿಂದ, ನೀಲಿ ಸಂಖ್ಯೆಗಳನ್ನಷ್ಟೇ ಉಳಿಸಿಕೊಂಡರೆ ಅದು ಕಾಗದದಲ್ಲಿ ಕರಗಿಹೋಗುತ್ತದೆ. ಪೆನ್ಸಿಲ್ಲಿನ ಗ್ರಾಫೈಟ್ ಮೂರೂ ಬೆಳಕನ್ನು ಹೀರುವುದರಿಂದ ಕಪ್ಪಾಗಿಯೇ ನಿಲ್ಲುತ್ತದೆ. ಅನಿಮೇಶನ್ ಕಲಾವಿದರು ಮೊದಲ ಕರಡನ್ನು ತಿಳಿನೀಲಿ ಪೆನ್ಸಿಲ್ಲಿನಲ್ಲಿ ಬಿಡಿಸಿ, ಖಚಿತವಾದ ಗೆರೆಯನ್ನು ಅದರ ಮೇಲೆ ಕಪ್ಪಿನಲ್ಲಿ ಎಳೆಯುವುದು ಇದೇ ಕಾರಣಕ್ಕೆ. ಹಿಂಬದಿಯ ಬರಹ ಇಣುಕುತ್ತಿದ್ದರೆ ಅದಕ್ಕೆ ಗಣಿತವೇ ಬೇಡ, ಸ್ಕ್ಯಾನ್ ಮಾಡುವಾಗ ಹಾಳೆಯ ಬೆನ್ನಿಗೆ ಕಪ್ಪು ಕಾಗದವೊಂದನ್ನು ಇಟ್ಟರೆ ಆಯಿತು.

ಇಲ್ಲಿಯವರೆಗೆ ಇದ್ದುದನ್ನು ಆಯ್ದುಕೊಂಡೆವು. ಬಣ್ಣ ತುಂಬಲು ಹೊರಟಾಗ ಇಲ್ಲದ್ದರ ಸರದಿ ಬರುತ್ತದೆ. ಓಬವ್ವನ ರವಿಕೆಗೆ ಬಣ್ಣ ಹಾಕಲು ಅದರೊಳಗೆ ಒಂದು ಕಡೆ ಒತ್ತಿದರೆ, ಬಣ್ಣವು ಗೆರೆ ಸಿಗುವವರೆಗೂ ಪಕ್ಕದ ಪಿಕ್ಸೆಲ್‌ಗಳಿಗೆ ಹರಡುತ್ತಾ ಹೋಗುತ್ತದೆ. ಗೆರೆಯಲ್ಲಿ ಒಂದೇ ಒಂದು ಪಿಕ್ಸೆಲ್ ಸಂದು ಇದ್ದರೂ, ಏರಿ ಒಡೆದ ಕೆರೆಯಂತೆ ಬಣ್ಣ ಹಾಳೆಯ ತುಂಬ ಹರಿಯುತ್ತದೆ. ಕೈಯಿಂದ ಎಳೆದ ಗೆರೆ ಹೀಗೆ ಅಲ್ಲಲ್ಲಿ ಬಿಟ್ಟುಹೋಗುವುದು ಸಹಜ, ನಮ್ಮ ಕಣ್ಣು ಆ ಸಂದನ್ನು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಂಪ್ಯೂಟರ್ ಅದನ್ನು ಮುಚ್ಚಲು ಬಳಸುವ ಗಣಿತವನ್ನು ಕಟ್ಟಿದವರು ಫ್ರಾನ್ಸಿನ ಜಾರ್ಜ್ ಮಾತೆರೋ ಮತ್ತು ಜಾನ್ ಸೆರಾ. 1960ರ ದಶಕದಲ್ಲಿ ಅವರ ಮುಂದಿದ್ದದ್ದು ಚಿತ್ರಕಲೆಯಲ್ಲ, ಕಬ್ಬಿಣದ ಅದಿರು. ಅದಿರಿನ ತುಂಡುಗಳ ಸೂಕ್ಷ್ಮ ರಚನೆಯನ್ನು ಅಳೆಯಲು ಹುಟ್ಟಿದ ವಿಧಾನವೊಂದು ಓಬವ್ವನ ರವಿಕೆಯ ಗೆರೆಯನ್ನು ಕೂಡಿಸಲು ನೆರವಾಗುತ್ತಿದೆ ಎಂಬುದು, ಸುತ್ತಲೂ ಅದಿರಿನ ಗಣಿಗಳಿರುವ ಈ ಜಿಲ್ಲೆಯವರಿಗೆ ಹಿಡಿಸಬಹುದಾದ ಸಂಗತಿ. ವಿಧಾನ ಇಷ್ಟೇ: ಗೆರೆಯನ್ನು ಎಲ್ಲ ಕಡೆಗೂ ಒಂದೆರಡು ಪಿಕ್ಸೆಲ್ ದಪ್ಪಗೊಳಿಸಬೇಕು, ಆಗ ಚಿಕ್ಕ ಸಂದುಗಳು ಕೂಡಿಕೊಳ್ಳುತ್ತವೆ, ಬಳಿಕ ಅಷ್ಟೇ ತೆಳುಗೊಳಿಸಬೇಕು, ಕೂಡಿದ್ದು ಕೂಡಿಯೇ ಉಳಿಯುತ್ತದೆ. ಅಳತೆ ಮೀರಿ ದಪ್ಪಗೊಳಿಸಿದರೆ ಬೆರಳುಗಳ ನಡುವಿನ ಜಾಗವೂ ಮುಚ್ಚಿ ಅಂಗೈ ಮುದ್ದೆಯಾಗುತ್ತದೆ. ಯಾವ ಸಂದು ಕೈತಪ್ಪಿ ಆದದ್ದು, ಯಾವುದು ಬೇಕೆಂದೇ ಬಿಟ್ಟದ್ದು ಎಂಬುದನ್ನು ಗಣಿತ ಹೇಳಲಾರದು, ನೋಡುವವರೇ ಹೇಳಬೇಕು.

ಪಿಕ್ಸೆಲ್‌ಗಳ ಗೆರೆಯನ್ನು ಗಣಿತದ ವಕ್ರರೇಖೆಯಾಗಿ ಬದಲಿಸುವುದು ಮತ್ತೊಂದು ಹಂತ. ಇಲ್ಲಿ ಬಳಸುವ ಬೆಜಿಯೆ ವಕ್ರರೇಖೆಗಳು ಕಾರಿನ ಮೈಕಟ್ಟನ್ನು ವಿನ್ಯಾಸಗೊಳಿಸಲು ರೆನೋ ಕಂಪನಿಯ ಪಿಯರ್ ಬೆಜಿಯೆ ಮತ್ತು ಸಿತ್ರೊಯೆನ್ ಕಂಪನಿಯ ಪಾಲ್ ದ ಕಾಸ್ತೆಲ್‌ಜೋ ರೂಪಿಸಿದವು. ನೂರಾರು ಪಿಕ್ಸೆಲ್‌ಗಳ ಒಂದು ಬಾಗು ನಾಲ್ಕು ಬಿಂದುಗಳಲ್ಲಿ ಅಡಗುತ್ತದೆ, ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಆದರೆ ಇದರಲ್ಲಿ ಗೆರೆಯ ನಡುಕವೂ ಹೋಗಿಬಿಡುವ ಅಪಾಯವಿದೆ. ಹತ್ತು ವರ್ಷದ ಹುಡುಗಿ ಬಿಡಿಸಿದ ಓಬವ್ವನನ್ನು ಉಜ್ಜಿ ನಯಗೊಳಿಸಿ ಜಾಹೀರಾತಿನ ಬೊಂಬೆಯಂತೆ ಮಾಡುವುದಾದರೆ ಕಾಗದದಿಂದ ಹೊರಟ ಉದ್ದೇಶವೇ ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಚರಿತ್ರೆಯ ಬೆಂಬಲವೂ ಇದೆ. 1960ರ ಸುಮಾರಿಗೆ ಡಿಸ್ನಿ ಸ್ಟುಡಿಯೋದಲ್ಲಿ ಅಬ್ ಐವರ್ಕ್ಸ್ ಎಂಬ ತಂತ್ರಜ್ಞರು ಜೆರಾಕ್ಸ್ ವಿಧಾನವನ್ನು ಮಾರ್ಪಡಿಸಿ, ಪೆನ್ಸಿಲ್ ಚಿತ್ರವನ್ನು ನೇರವಾಗಿ ಪಾರದರ್ಶಕ ಹಾಳೆಗೆ ಇಳಿಸುವಂತೆ ಮಾಡಿದರು. ಅದುವರೆಗೆ ಪ್ರತಿ ಚಿತ್ರವನ್ನೂ ಶಾಯಿಯಲ್ಲಿ ಮತ್ತೆ ತಿದ್ದುತ್ತಿದ್ದರು. ಜೆರಾಕ್ಸ್ ಬಂದ ಮೇಲೆ ಕಲಾವಿದರ ಒರಟು ಗೆರೆಯೇ ತೆರೆಗೆ ಬಂದಿತು, ಆ ಒರಟುತನವೇ ಒಂದು ಶೈಲಿಯೆನಿಸಿತು. ಅದೇ ಸಂಸ್ಥೆ ಮುಂದೆ ಪಿಕ್ಸರ್ ಜೊತೆ ಸೇರಿ, ಸ್ಕ್ಯಾನ್ ಮಾಡಿದ ಚಿತ್ರಗಳಿಗೆ ಕಂಪ್ಯೂಟರಿನಲ್ಲೇ ಬಣ್ಣ ತುಂಬುವ ವ್ಯವಸ್ಥೆಯನ್ನು ಕಟ್ಟಿತು. 1990ರ ಹೊತ್ತಿಗೆ ಪೂರ್ಣಾವಧಿಯ ಚಿತ್ರವೊಂದು ಅದರಲ್ಲೇ ತಯಾರಾಯಿತು. ಜಪಾನಿನ ಜಿಬ್ಲಿ ಸ್ಟುಡಿಯೋ ಬಳಸುತ್ತಿದ್ದ ಇಟಲಿಯ ಟೂನ್ಜ್ ಎಂಬ ತಂತ್ರಾಂಶವು 2016ರಿಂದ ಓಪನ್‌ಟೂನ್ಜ್ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಉಚಿತವಾಗಿ ಬಳಸುವಂತಾಗಿದೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿಯುವವರಾಗಲಿ, ಚಳ್ಳಕೆರೆಯ ಹೈಸ್ಕೂಲು ಹುಡುಗರಾಗಲಿ ಹಣ ಕೊಡದೆ ಆರಂಭಿಸಬಹುದಾದ ಸಲಕರಣೆ ಇದು.

ಈಗ ಕೈ ಆಡಬೇಕು. ಓಬವ್ವನ ಬಲಗೈಯನ್ನು ಭುಜದಲ್ಲಿ ಕತ್ತರಿಸಿ ಬೇರೆ ಪದರಕ್ಕೆ ಇಟ್ಟು ಕೆಳಗಿಳಿಸಿದೊಡನೆ, ಅದು ಮೊದಲಿದ್ದ ಕಡೆ ಬಿಳಿಯ ತೂತು ಉಳಿಯುತ್ತದೆ. ತೋಳಿನ ಹಿಂದಿದ್ದ ಕೆನ್ನೆಯನ್ನಾಗಲಿ, ತುರುಬನ್ನಾಗಲಿ ಬಾಲಕಿ ಬಿಡಿಸಿಯೇ ಇಲ್ಲ, ಬಿಡಿಸುವ ಅಗತ್ಯವೂ ಆಕೆಗಿರಲಿಲ್ಲ. ಭುಜದ ಕೀಲಿನಲ್ಲೂ ಇದೇ ತೊಡಕು: ತೋಳು ತಿರುಗಿದಂತೆ ಒಂದು ಬದಿಯಲ್ಲಿ ಸಂದು ಬಿಡುತ್ತದೆ, ಇನ್ನೊಂದು ಬದಿಯಲ್ಲಿ ಮೂಲೆ ಚಾಚುತ್ತದೆ. ತೋಳಿನ ತುದಿಯನ್ನು ದುಂಡಗೆ ಮಾಡಿ, ಮೈಯ ಒಳಗೆ ಒಂದಿಷ್ಟು ಹೆಚ್ಚುವರಿಯಾಗಿ ಬೆಳೆಸಿ, ಆ ದುಂಡಿನ ಕೇಂದ್ರದಲ್ಲೇ ತಿರುಗಿಸುವುದು ಪರಿಹಾರ. ತೊಗಲುಗೊಂಬೆ ಮಾಡುವವರಿಗೆ ಇದು ಹೊಸತಲ್ಲ. ಕೈ ಆಡುವ ಗೊಂಬೆಗಳಲ್ಲಿ ಅವರು ತೋಳನ್ನು ಬೇರೆ ತುಂಡಾಗಿ ಕತ್ತರಿಸಿ, ಭುಜದ ಮೇಲೆ ಒಂದಿಷ್ಟು ಹಾಯುವಂತಿಟ್ಟು ದಾರದಿಂದ ಕಟ್ಟುತ್ತಾರೆ. ಚಲನೆಗೆ ಬೇಕಾದ ಹೆಚ್ಚಿನ ತೊಗಲನ್ನು ಅವರು ಕತ್ತರಿಸುವಾಗಲೇ ಲೆಕ್ಕ ಹಾಕಿರುತ್ತಾರೆ, ಚಿತ್ರ ಬಿಡಿಸಿದ ಬಾಲಕಿ ಹಾಕಿರುವುದಿಲ್ಲ. ಆದ್ದರಿಂದ ಅನಿಮೇಶನ್‌ಗೆಂದೇ ಬಿಡಿಸುವವರು ಮೊದಲೇ ಕೈ, ಕಾಲು, ತಲೆಗಳನ್ನು ಬೇರೆ ಬೇರೆ ಬಿಡಿಸಿ ಸ್ಕ್ಯಾನ್ ಮಾಡಿದರೆ ಅರ್ಧ ತಲೆನೋವು ತಪ್ಪುತ್ತದೆ.

ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ಕಂಪ್ಯೂಟರಿಗೇ ಬಿಟ್ಟರೆ ಮತ್ತೊಂದು ಸ್ವಾರಸ್ಯ ಕಾಣುತ್ತದೆ. ಎತ್ತಿದ ಕೈಯ ಬೆರಳ ತುದಿಯನ್ನೂ ಇಳಿದ ಕೈಯ ಬೆರಳ ತುದಿಯನ್ನೂ ನೇರ ಗೆರೆಯಲ್ಲಿ ಜೋಡಿಸಿ, ನಡುವಿನ ಬಿಂದುವನ್ನು ಹಿಡಿದರೆ ಸಾಕೆಂದು ತೋರಬಹುದು. ಕೈ 90 ಡಿಗ್ರಿ ತಿರುಗುವುದಾದರೆ, ಹಾಗೆ ಸಿಕ್ಕ ನಟ್ಟನಡುವಿನ ಚಿತ್ರದಲ್ಲಿ ತೋಳಿನ ಉದ್ದ ಮೂಲದ ಶೇಕಡಾ 71ಕ್ಕೆ ಇಳಿದಿರುತ್ತದೆ. 180 ಡಿಗ್ರಿ ತಿರುಗುವುದಾದರೆ ನಡುವಿನಲ್ಲಿ ತೋಳೇ ಇರುವುದಿಲ್ಲ, ಎಲ್ಲವೂ ಭುಜದೊಳಗೆ ಸೇರಿಹೋಗಿರುತ್ತದೆ. ಮೈಯ ಕೀಲುಗಳು ತಿರುಗುತ್ತವೆಯೇ ಹೊರತು ಬಿಂದುಗಳು ನೇರವಾಗಿ ಜಾರುವುದಿಲ್ಲ. ಹಾಗಾಗಿ ಚಿತ್ರದೊಳಗೆ ಮೂಳೆಗಳ ಒಂದು ಕಲ್ಪಿತ ಹಂದರವನ್ನಿಟ್ಟು, ಸ್ಥಾನದ ಬದಲು ಕೋನವನ್ನು ಹಂತಹಂತವಾಗಿ ಬದಲಿಸುತ್ತಾರೆ. ಒನಕೆಯ ತುದಿ ಆಗ ಕಮಾನಿನಲ್ಲಿ ಚಲಿಸುತ್ತದೆ.

ಚಿತ್ರವನ್ನು ತುಂಡು ಮಾಡದೆಯೇ ಬಾಗಿಸುವ ದಾರಿಯೂ ಇದೆ. ಚಿತ್ರದ ಮೇಲೆ ಸಣ್ಣ ತ್ರಿಕೋನಗಳ ಬಲೆ ಹರಡಿ, ಕೈ ಎಳೆದಾಗ ಪ್ರತಿ ತ್ರಿಕೋನವೂ ತನ್ನ ಮೂಲ ಆಕಾರದಿಂದ ಆದಷ್ಟು ಕಡಿಮೆ ಬದಲಾಗುವಂತೆ ಎಲ್ಲದರ ಸ್ಥಾನವನ್ನೂ ಒಟ್ಟಿಗೆ ಲೆಕ್ಕ ಹಾಕುವ ಈ ವಿಧಾನವನ್ನು ತಕಿಯೊ ಇಗರಾಶಿ ಮತ್ತು ಸಂಗಡಿಗರು 2005ರಲ್ಲಿ ಮುಂದಿಟ್ಟರು. ಮೆಟಾ ಕಂಪನಿಯ ಸಂಶೋಧಕರು ಮಕ್ಕಳ ಚಿತ್ರಗಳನ್ನು ಕುಣಿಸುವ ಪ್ರಯೋಗದಲ್ಲಿ ಇದನ್ನೇ ಬಳಸಿದರು. 2021ರಲ್ಲಿ ಸಾರ್ವಜನಿಕರ ಬಳಕೆಗೆ ಬಿಟ್ಟ ಆ ವ್ಯವಸ್ಥೆಯ ವಿವರಗಳನ್ನೂ, ಸುಮಾರು 1,78,000 ಚಿತ್ರಗಳ ಸಂಗ್ರಹವನ್ನೂ 2023ರಲ್ಲಿ ಪ್ರಕಟಿಸಿದರು. ಅಲ್ಲಿ ಯಂತ್ರಕಲಿಕೆಯ ಮಾದರಿಯೊಂದು ಹಾಳೆಯಲ್ಲಿ ಮನುಷ್ಯಾಕೃತಿ ಎಲ್ಲಿದೆ ಎಂದು ಹುಡುಕುತ್ತದೆ, ಇನ್ನೊಂದು ಮಾದರಿ ಭುಜ, ಮೊಣಕೈ, ಮಂಡಿಗಳನ್ನು ಗುರುತಿಸುತ್ತದೆ. ಆಕೃತಿಯನ್ನು ಕಾಗದದಿಂದ ಬೇರ್ಪಡಿಸಲು ಮಾತ್ರ ಮೇಲೆ ಹೇಳಿದ ಹಳೆಯ ವಿಧಾನಗಳೇ, ಅಂದರೆ ಸ್ಥಳೀಯ ಗಡಿ ಮತ್ತು ಸಂದು ಮುಚ್ಚುವ ಲೆಕ್ಕವೇ ಸಾಕಾಗಿದೆ.

ಆ ಸಂಶೋಧನೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಬೇರೆ. ಮಕ್ಕಳು ಮುಖವನ್ನು ನಮ್ಮತ್ತ ತಿರುಗಿಸಿ, ಪಾದಗಳನ್ನು ಪಕ್ಕಕ್ಕೆ ಬಿಡಿಸುತ್ತಾರೆ. ತೊಗಲುಗೊಂಬೆಗಳಲ್ಲೂ ಎದೆ ನಮ್ಮತ್ತ, ಮುಖ ಮತ್ತು ಪಾದ ಪಕ್ಕಕ್ಕೆ ಇರುವುದನ್ನು ನೋಡಿದ್ದೇವೆ. ದೇಹದ ಪ್ರತಿ ಭಾಗವನ್ನೂ ಅದು ಚೆನ್ನಾಗಿ ಗುರುತು ಸಿಗುವ ಕಡೆಯಿಂದ ತೋರಿಸುವ ಕ್ರಮ ಅದು. ಅದನ್ನು ತಪ್ಪೆಂದು ತಿದ್ದಲು ಹೋಗದೆ, ನಿಜವಾದ ಮನುಷ್ಯರ ಚಲನೆಯನ್ನು ಚಿತ್ರಕ್ಕೆ ಅಳವಡಿಸುವಾಗ ಕೈಗಳಿಗೆ ಎದುರಿನಿಂದ, ಕಾಲುಗಳಿಗೆ ಪಕ್ಕದಿಂದ ಎಂಬಂತೆ ಬೇರೆ ಬೇರೆ ದಿಕ್ಕಿನ ನೋಟವನ್ನು ಅವರು ಬಳಸಿದ್ದಾರೆ.

ಆದರೂ ದುರ್ಗದ ಓಬವ್ವ ಇಂಥ ವ್ಯವಸ್ಥೆಗೆ ಸುಲಭದ ತುತ್ತಲ್ಲ. ಆಕೃತಿಯ ಹೊರಗೆರೆಯಿಂದಲೇ ಬಲೆ ತಯಾರಾಗುವುದರಿಂದ, ಕೈಗೆ ಅಂಟಿಕೊಂಡ ಒನಕೆ ಮೈಯದೇ ಭಾಗವಾಗಿ ಮೊಣಕೈ ಮಡಿಸಿದಾಗ ತಾನೂ ಬಾಗುವ ಸಂಭವವಿದೆ. ಬಾಗುವ ಒನಕೆಯಿಂದ ಯಾವ ಸಿಪಾಯಿಯೂ ಬೀಳಲಾರ. ಸೊಂಟದ ಮೇಲೆ ಕೈಯಿಟ್ಟು ನಿಂತ ಚಿತ್ರವಾದರೆ ಕೈ ಎತ್ತಿದಾಗ ಸೊಂಟವೂ ಜೊತೆಗೆ ಎಳೆದುಕೊಂಡು ಬರುತ್ತದೆ. ಒನಕೆಯನ್ನು ಬೇರೆ ಪದರದಲ್ಲಿ, ಬಾಗದ ಒಂದೇ ತುಂಡಾಗಿ ಇಟ್ಟು ಅಂಗೈಗೆ ಜೋಡಿಸುವುದು ಅನಿವಾರ್ಯ. ಕಿಂಡಿಯ ಬಂಡೆಗೂ ಎರಡು ಪದರ ಬೇಕು: ಸಿಪಾಯಿಯ ಹಿಂದೆ ಒಂದು, ಮುಂದೆ ಒಂದು. ಇಲ್ಲದಿದ್ದರೆ ಅವನು ಕಿಂಡಿಯೊಳಗಿಂದ ಬರುವುದಿಲ್ಲ, ಬಂಡೆಯ ಮೇಲೆ ತೆವಳುತ್ತಾನೆ.

ಹೊಡೆತಕ್ಕೆ ತೂಕ ಬರುವುದು ಕಾಲದ ಲೆಕ್ಕದಿಂದ. ಸೆಕೆಂಡಿಗೆ 24 ಫ್ರೇಮ್‌ಗಳು, ಅಂದರೆ ಒಂದರ ಹಿಂದೊಂದು ತೋರುವ ಬಿಡಿ ಚಿತ್ರಗಳು, ಇರುವಾಗ ಒನಕೆ ಏರಲು 12 ಫ್ರೇಮ್, ಮೇಲೆ ತಡೆದು ನಿಲ್ಲಲು ನಾಲ್ಕು, ಇಳಿಯಲು ಮೂರೇ ಫ್ರೇಮ್ ಕೊಟ್ಟರೆ, ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಬೀಳುವ ಆ ಪೆಟ್ಟು ಕಣ್ಣಿಗೆ ಭಾರವಾಗಿ ಕಾಣುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಒಂದೇ ವೇಗ ಕೊಟ್ಟರೆ ಆಕೆ ಭತ್ತ ಕುಟ್ಟುತ್ತಿರುವಂತೆ ತೋರುತ್ತದೆ.

ಸೆರಗು ಮಾತ್ರ ಈ ಯಾವ ವ್ಯವಸ್ಥೆಗೂ ಒಗ್ಗುವುದಿಲ್ಲ. ಅದಕ್ಕೆ ಮೂಳೆಯಿಲ್ಲ, ಮೈ ನಿಂತ ಮೇಲೂ ಅದು ಒಂದು ಗಳಿಗೆ ಹಾರುತ್ತಿರುತ್ತದೆ, ಮಡಿಕೆಗಳು ಕ್ಷಣಕ್ಕೊಂದು ಬಗೆಯಾಗುತ್ತವೆ. ಬಲೆ ಹರಡಿ ಎಳೆದರೆ ರಬ್ಬರಿನ ಹಾಳೆಯಂತೆ ಜೋಲುತ್ತದೆ. ಇಲ್ಲಿ ಹಳೆಯ ಕ್ರಮವೇ ಮೇಲು: ಎರಡು ಫ್ರೇಮ್‌ಗೆ ಒಂದರಂತೆ ಸೆರಗಿನ ಎಂಟು ಹತ್ತು ಚಿತ್ರಗಳನ್ನು ಕೈಯಿಂದಲೇ ಬಿಡಿಸಿ, ಹಾಳೆಗಳಿಗೆಲ್ಲ ಕಚೇರಿಯ ಪಂಚಿಂಗ್ ಯಂತ್ರದಿಂದ ಒಂದೇ ಜಾಗದಲ್ಲಿ ಎರಡು ತೂತು ಹಾಕಿ ಸ್ಕ್ಯಾನ್ ಮಾಡಬೇಕು. ಆ ತೂತುಗಳ ನಡುವಿನ ಅಂತರ ಎಲ್ಲ ಹಾಳೆಯಲ್ಲೂ 80 ಮಿಲಿಮೀಟರ್ ಇರುವುದರಿಂದ, ಹಾಳೆ ಸ್ಕ್ಯಾನರಿನಲ್ಲಿ ಎಷ್ಟು ಓರೆಯಾಗಿದ್ದರೂ ತೂತುಗಳನ್ನು ಹೊಂದಿಸಿ ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಬಹುದು. ಒಂದು ಮಿಲಿಮೀಟರ್ ತಪ್ಪಿದರೂ 300ರ ದರದ ಸ್ಕ್ಯಾನ್‌ನಲ್ಲಿ ಸುಮಾರು 12 ಪಿಕ್ಸೆಲ್ ವ್ಯತ್ಯಾಸವಾಗಿ, ಸೆರಗು ಹಾರುವ ಬದಲು ಭುಜದ ಮೇಲೆ ಕುಪ್ಪಳಿಸತೊಡಗುತ್ತದೆ.