ಟಾಕಿಯಲ್ಲಿ ಇಲಿ ಬಿದ್ದಿತ್ತು, ತೊಳೆದರೆ ಸಾಕೇ?

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ಗೋವಾದ ಫೋಂಡಾ ಹತ್ತಿರ ಐದು ಎಮ್ಮೆ ಸಾಕಿದ್ದೇವೆ. ಎಮ್ಮೆಗಳ ನೀರಿನ ಟಾಕಿಯಲ್ಲಿ ಸತ್ತ ಇಲಿ ಸಿಕ್ಕಿತು. ನೀರು ಚೆಲ್ಲಿ, ತೊಳೆದು ಮತ್ತೆ ತುಂಬಿದ್ದೇವೆ. ಅಷ್ಟು ಸಾಕೇ? ಒಂದು ಎಮ್ಮೆ ಗಬ್ಬವಿದೆ.

ಉತ್ತರ: ನೀರು ಚೆಲ್ಲಿದ್ದು ಒಳ್ಳೆಯದೇ ಆಯಿತು. ಸತ್ತ ಪ್ರಾಣಿ ಕೊಳೆತ ನೀರು ಕುಡಿದ ದನಗಳಿಗೆ ಬಾಟುಲಿಸಂ ಎಂಬ ವಿಷಬಾಧೆ ತಗಲಿ, ಕಾಲು ಸೋತು ನೆಲ ಹಿಡಿಯುವುದುಂಟು. ಆದರೂ ನನಗೆ ಹೆಚ್ಚಿನ ಭಯ ಸತ್ತ ಇಲಿಯದಲ್ಲ. ದಿನಾ ರಾತ್ರಿ ಬಂದು ನೀರು ಕುಡಿದು, ಅಲ್ಲೇ ಉಚ್ಚೆ ಹೊಯ್ದು ಹೋಗುವ ಬದುಕಿರುವ ಇಲಿಯದು. ಇಲಿಜ್ವರದ ರೋಗಾಣು, ಅಂದರೆ ಲೆಪ್ಟೊಸ್ಪೈರಾ, ಇಲಿಯ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡು ಉಚ್ಚೆಯಲ್ಲಿ ಹೊರಬೀಳುತ್ತದೆ. ಇಲಿಗೆ ಏನೂ ಆಗಿರುವುದಿಲ್ಲ. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿಸಿಲಿಗೆ ಒಣಗಿದರೆ ಸಾಯುವ ಈ ರೋಗಾಣು, ತೇವ ಸಿಕ್ಕರೆ ವಾರಗಟ್ಟಲೆ ಬದುಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಕೊಟ್ಟಿಗೆಯಲ್ಲಿ ಒಣಗಿದ ಜಾಗವಾದರೂ ಎಲ್ಲಿರುತ್ತದೆ?

ಇವತ್ತು ಸಂಜೆ ಬ್ಯಾಟರಿ ಹಿಡಿದು ಟಾಕಿಯ ಸುತ್ತ ಒಮ್ಮೆ ನೋಡಿ. ಮುಚ್ಚಳ ಒಡೆದು, ಅದರ ಮೇಲೆ ಕಲ್ಲು ಹೇರಿದ್ದೀರಾ? ಹೆಚ್ಚಾದ ನೀರು ಹೋಗುವ ಪೈಪಿನ ಬಾಯಿ ತೆರೆದೇ ಇದೆಯಾ? ಅರ್ಧ ಇಂಚಿನ ಸಂದಿ ಸಿಕ್ಕರೂ ಇಲಿ ನುಸುಳುತ್ತದೆ. ಗೋಡೆಯಂಚಿನಲ್ಲಿ, ಜಂತಿಯ ಮೇಲೆ ಕರ್ರಗೆ ಜಿಡ್ಡಿನ ಪಟ್ಟಿ ಕಂಡರೆ ಅದು ಇಲಿ ದಿನಾ ಓಡಾಡುವ ದಾರಿ. ಮೈ ಉಜ್ಜಿ ಉಜ್ಜಿ ಆದ ಗುರುತು. ಆ ಪಟ್ಟಿ ಬಹಳ ಸಲ ಹಿಂಡಿಯ ಚೀಲದಿಂದ ಹೊರಟು ನೀರಿಗೆ ಬಂದು ನಿಲ್ಲುತ್ತದೆ. ಮೇವು ತಿಂದ ಇಲಿಗೆ ನೀರು ಬೇಕೇ ಬೇಕು. ಆದ್ದರಿಂದ ಹಿಂಡಿಯನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಹಾಕಿ, ನೀರಿನಿಂದ ದೂರ ಇಡಿ. ಪೈಪಿನ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿ, ತೊಟ್ಟಿಕ್ಕುವ ನಲ್ಲಿ ರಿಪೇರಿ ಮಾಡಿಸಿ. ಕೆಳಗೆ ಎಮ್ಮೆ ನೀರು ಕುಡಿಯುವ ದೋಣಿಯಲ್ಲಿ ಉಳಿದ ನೀರನ್ನು ರಾತ್ರಿ ಬಿಡಬೇಡಿ.

ತೊಳೆಯುವಾಗ ಕೈಗೆ ಗ್ಲೌಸ್, ಕಾಲಿಗೆ ಗಮ್‌ಬೂಟು ಇರಲಿ. ಕೈಯಲ್ಲಿ ಸಣ್ಣ ಗಾಯವಿದ್ದರೂ ಇಲಿಜ್ವರ ನಿಮಗೇ ಬರಬಹುದು. ಒಣ ಹಿಕ್ಕೆ ಗುಡಿಸಬೇಡಿ, ನೆನೆಸಿ ತೆಗೆಯಿರಿ. ಮೊದಲು ಪಾಚಿ, ಲೋಳೆ ಎಲ್ಲ ಬ್ರಷ್ಷಿನಿಂದ ಉಜ್ಜಿ ಹೋಗಬೇಕು, ಕೊಳೆಯಿದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತದೆ. ಆಮೇಲೆ ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಒಳಗೆಲ್ಲ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ಕುಡಿಯುವ ನೀರಿಗೆ ಇಷ್ಟು ಬೇಡ. 1,000 ಲೀಟರಿಗೆ 2.5 ಗ್ರಾಂ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಸಿ. ಇಲ್ಲಿನ ಮಳೆಗಾಲದ ತೇವಕ್ಕೆ ಬಿಚ್ಚಿಟ್ಟ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ; ಮೂಗಿಗೆ ಘಾಟು ಹೊಡೆಯದಿದ್ದರೆ ಹೊಸದು ತನ್ನಿ.

ಇಲಿಪಾಷಾಣ ಮಾತ್ರ ಬೇಡವೆಂದು ಕೈಮುಗಿದು ಹೇಳುತ್ತೇನೆ. ಕೊಟ್ಟಿಗೆಯಲ್ಲಿ ಅದು ಮೇವಿಗೆ ಬಿದ್ದರೆ ಎಮ್ಮೆಯೇ ಹೋಗುತ್ತದೆ. ಬೋನು ಇಡಿ.

ಗಬ್ಬದ ಎಮ್ಮೆಯ ವಿಷಯಕ್ಕೆ ಬರುತ್ತೇನೆ. ಇಲಿಜ್ವರ ತಗಲಿದರೆ ಕಂದು ಹಾಕಬಹುದು, ಅಂದರೆ ಗರ್ಭಪಾತವಾಗಬಹುದು. ಹಾಲು ಒಮ್ಮೆಗೇ ಇಳಿಯುವುದು, ಹಾಲಿನಲ್ಲಿ ರಕ್ತದ ಬಣ್ಣ, ಕರುವಿನ ಉಚ್ಚೆ ಕಾಫಿಯಂತಾಗುವುದು, ಇವೂ ಉಂಟು. ಆದರೆ ಕಂದು ಹಾಕಿದ್ದಕ್ಕೆಲ್ಲ ಇಲಿಯೇ ಕಾರಣವಲ್ಲ, ಬ್ರುಸೆಲ್ಲಾ ರೋಗವೂ ಇರಬಹುದು. ಅದು ರಕ್ತ ಪರೀಕ್ಷೆಯಿಂದ ತಿಳಿಯಬೇಕು. ಪಶುವೈದ್ಯರನ್ನು ಈಗಲೇ ಕರೆಸಿ, ಇಲಿ ಬಿದ್ದದ್ದನ್ನು ಹೇಳಿ. ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಎಮ್ಮೆಯನ್ನು ಉಳಿದವುಗಳಿಂದ ಬೇರೆ ಕಟ್ಟಿ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದು, ಮೀನಖಂಡ ಸೆಳೆದು, ಕಣ್ಣು ಕೆಂಪಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳುವ ಮೊದಲೇ ಹೇಳಿ: ನಾವು ಎಮ್ಮೆ ಕಟ್ಟಿದ್ದೇವೆ, ಟಾಕಿಯಲ್ಲಿ ಇಲಿ ಬಿದ್ದಿತ್ತು ಅಂತ.