ಪಾಪರ್ ಆಗುವ ಮುನ್ನ ಬರೆದ ದಾನಪತ್ರ

ಸಾಲದಲ್ಲಿ ಮುಳುಗಿ ನನ್ನ ಕಚೇರಿಗೆ ಬರುವವರು ಕುಳಿತ ಕೂಡಲೇ ಕೇಳುತ್ತಾರೆ: ‘ಸಾರ್, ಹಳೆಯ ಕಾಯ್ದೆಯಲ್ಲಿ ಪಾಪರ್ ಆಗುವುದು ಒಳ್ಳೆಯದೋ, ಹೊಸದರಲ್ಲೋ?’ ಜವಳಿ ಅಂಗಡಿಯಲ್ಲಿ ಸೀರೆ ಆರಿಸುವ ಧಾಟಿಯಲ್ಲಿ. ಸಾಲಪತ್ರಕ್ಕೆ ನೀವು ಯಾರಾಗಿ ಸಹಿ ಹಾಕಿದ್ದೀರಿ ಎಂಬುದೇ ಅದನ್ನು ಬಹುಮಟ್ಟಿಗೆ ತೀರ್ಮಾನಿಸಿಬಿಟ್ಟಿರುತ್ತದೆ. ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ 2016ರ ದಿವಾಳಿ ಸಂಹಿತೆ. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್ 1ರಂದು ಜಾರಿಗೆ ಬಂದದ್ದು ಇಂಥ ಜಾಮೀನುದಾರರ ಮಟ್ಟಿಗೆ ಮಾತ್ರ. ಸ್ವಂತ ಹೆಸರಿನಲ್ಲಿ ಅಂಗಡಿ ನಡೆಸಿ ಸೋತವರಿಗೆ, ಗಲ್ಫಿನ ಕೆಲಸ ಕಳೆದುಕೊಂಡು ಊರಿಗೆ ಮರಳಿದವರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಮೊದಲನೆಯವರು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯ ದಾರಿ ಹಿಡಿಯಬೇಕು, ಉಳಿದವರು ಮಂಗಳೂರಿನ ನ್ಯಾಯಾಲಯದ್ದು. ವೀಡಿಯೊಗಳಲ್ಲಿ ಹೊಗಳುವ, ಸಣ್ಣ ಸಾಲಗಳನ್ನು ಮನ್ನಾ ಮಾಡುವ ಹೊಸ ಸಂಹಿತೆಯ ‘ಹೊಸ ಆರಂಭ’ದ ಅಧ್ಯಾಯ ಇನ್ನೂ ಕಾಗದದ ಮೇಲಿದೆ. ಜಾರಿಗೆ ಬಂದರೂ ವಾರ್ಷಿಕ ಆದಾಯ 60,000 ರೂಪಾಯಿ, ಸಾಲ 35,000 ರೂಪಾಯಿ ಮೀರದ, ಸ್ವಂತ ಮನೆಯಿಲ್ಲದವರಿಗಷ್ಟೇ.

ನನ್ನ ತಾಳ್ಮೆ ಕೆಡಿಸುವುದು ಈ ಪ್ರಶ್ನೆಯಲ್ಲ, ಇದರ ಹಿಂದೆಯೇ ಬರುವ ಮಾತು: ‘ಮನೆಯ ಚಿಂತೆ ಇಲ್ಲ ಸಾರ್, ಹೆಂಡತಿಯ ಹೆಸರಿಗೆ ಮಾಡಿ ಆಗಿದೆ.’

ಕುಟುಂಬದವರಿಗೆ ಬರೆಯುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಧ ದಿನದ ಕೆಲಸ. ಸುರತ್ಕಲ್ ಕಡೆಯ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಅಂಥ ಪತ್ರವನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ತಂದಿದ್ದರು. ‘ಪ್ರೀತಿ ವಿಶ್ವಾಸಗಳಿಂದ’ ಮನೆ ಕೊಟ್ಟದ್ದಾಗಿ ಬರೆದಿತ್ತು. ಬ್ಯಾಂಕಿನ ನೋಟಿಸನ್ನು ಪಕ್ಕದಲ್ಲಿಟ್ಟು ನೋಡಿದೆ. ನೋಟಿಸ್ ಬಂದ ಎರಡನೆಯ ವಾರದಲ್ಲೇ ಪ್ರೀತಿ ಉಕ್ಕಿತ್ತು.

ದಾನ ಕೊಟ್ಟ ಎರಡು ವರ್ಷಗಳೊಳಗೆ ದಿವಾಳಿ ಅರ್ಜಿ ಸಲ್ಲಿಕೆಯಾಗಿ ನೀವು ದಿವಾಳಿ ಎಂದು ಘೋಷಿತರಾದರೆ, 1920ರ ಕಾಯ್ದೆಯ 53ನೆಯ ಕಲಮಿನಂತೆ ನ್ಯಾಯಾಲಯ ಆ ದಾನವನ್ನು ರದ್ದುಮಾಡಬಹುದು. ಹೊಸ ಸಂಹಿತೆಯಲ್ಲೂ ಕಡಿಮೆ ಬೆಲೆಗೆ ಅಥವಾ ಪುಕ್ಕಟೆ ದಾಟಿಸಿದ ಆಸ್ತಿಗೆ ಎರಡು ವರ್ಷಗಳದೇ ಲೆಕ್ಕ. ‘ಹಾಗಾದರೆ ಎರಡು ವರ್ಷ ಕಾಯುತ್ತೇನೆ’ ಎನ್ನುವ ಜಾಣರಿದ್ದಾರೆ. ನೀವು ಕಾದರೂ ಸಾಲ ಕೊಟ್ಟವನು ಕಾಯಬೇಕಲ್ಲ! ಸಾಲ ಕೊಟ್ಟವರ ಕೈಗೆ ಸಿಗದಿರಲೆಂದು ಆಸ್ತಿ ವರ್ಗಾಯಿಸುವುದನ್ನೇ ಹಳೆಯ ಕಾಯ್ದೆ ದಿವಾಳಿ ಕೃತ್ಯ ಎನ್ನುತ್ತದೆ. ಅದನ್ನು ಹಿಡಿದು ಮೂರು ತಿಂಗಳೊಳಗೆ ಅವನೇ ಅರ್ಜಿ ಹಾಕಬಹುದು. ಅವನಿಗೆ ಬಾಗಿಲು ತೆರೆದುಕೊಟ್ಟದ್ದು ನಿಮ್ಮ ದಾನಪತ್ರವೇ. ಅದೂ ತಪ್ಪಿದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ದಾರಿ ಇದೆ, ಅಲ್ಲಿ ಈ ಎರಡು ವರ್ಷದ ಗಡಿಯಿಲ್ಲ. ವಂಚನೆ ಸಾಬೀತಾದರೆ 1920ರ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲೂ ಆಗಬಹುದು. ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವರ ಸ್ಥಿತಿ ಬೇರೆ. ಪ್ರತಿ ಪ್ರಕರಣದ ಕಾಗದ ನೋಡದೆ ಖಡಾಖಂಡಿತವಾಗಿ ಏನೂ ಹೇಳಲಾರೆ.

ಅರ್ಜಿಗೆ ಮುನ್ನ ಭಾವನ ಕೈಸಾಲ ಮಾತ್ರ ತೀರಿಸಿ ಬರುವುದೂ ಇದೇ ಜಾತಿಯ ಎಡವಟ್ಟು. ಭಾವನಿಗೆ ಕೊಟ್ಟದ್ದನ್ನೂ ವಾಪಸು ಕೇಳಬಹುದು. ಸೊಸೈಟಿಯ ಸಾಲಕ್ಕೆ ಜಾಮೀನು ಹಾಕಿದ ನೆರೆಮನೆಯವರಂತೂ ನೀವು ಪಾಪರ್ ಆದಿರೆಂದು ಪಾರಾಗುವುದಿಲ್ಲ.

ಇವರು ಯಾರೂ ಕೆಟ್ಟವರಲ್ಲ. ಹೆಂಡತಿ ಮಕ್ಕಳಿಗೆ ಸೂರು ಉಳಿಯಲಿ ಎಂಬ ಆಸೆ. ಆದರೆ ಮನೆ ‘ಉಳಿಸಿದ’ ಆ ವ್ಯಾಪಾರಿ ಹೆಂಡತಿಯ ಬಳೆ, ಸರಗಳನ್ನು ಅಡವಿಟ್ಟು ಬ್ಯಾಂಕಿನ ಕಂತು ಕಟ್ಟಿದ್ದರು. ತವರಿನಿಂದ ಆಕೆಗೆ ಬಂದ ಆ ಚಿನ್ನ ಗಂಡನ ಆಸ್ತಿಯಲ್ಲ, ಅವರ ದಿವಾಳಿಯಲ್ಲಿ ಮುಟ್ಟಬೇಕಾದದ್ದೂ ಅಲ್ಲ. ಧಾರ್ಮಿಕ ಪದ್ಧತಿಯಂತೆ ಹೆಣ್ಣು ತೆಗೆಯಬಾರದ ಒಡವೆಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದಲೇ ವಿನಾಯಿತಿ ಕೊಟ್ಟಿದೆ. ಒಮ್ಮೆ ಅಡವಿಟ್ಟರೆ ಮಾತ್ರ ಚಿನ್ನ ಹಿಡಿದುಕೊಂಡವನ ಹಕ್ಕು ದಿವಾಳಿಯಾದರೂ ಹೋಗುವುದಿಲ್ಲ. ಕಾನೂನು ಕೈಹಾಕಬಹುದಾದ ಮನೆಯನ್ನು ಬಚ್ಚಿಟ್ಟು, ಕೈಹಾಕದ ಚಿನ್ನವನ್ನು ಅವರಾಗಿಯೇ ಒಪ್ಪಿಸಿ ಬಂದಿದ್ದರು.

ಆದ್ದರಿಂದ ನೋಟಿಸ್ ಬಂದ ವಾರವೇ ವಕೀಲರನ್ನು ನೋಡಿ. ಸಾಲಪತ್ರ, ಋಣಭಾರ ಪತ್ರ, ಅಡವು ಚೀಟಿ ಜೊತೆಗಿರಲಿ, ಸಾಧ್ಯವಾದರೆ ಹೆಂಡತಿಯೂ. ಚಿನ್ನ ಯಾರದೆಂಬ ಪ್ರಶ್ನೆ ಎದ್ದರೆ ಮದುವೆಯ ಆಲ್ಬಮ್ ಕೂಡ ಉಪಯೋಗಕ್ಕೆ ಬರುತ್ತದೆ.